ಸಣ್ಣ ಹಳಿಯ ದಾರಿ: ಯಶವಂತಪುರದಿಂದ ನಂದಿಯವರೆಗೆ

ಊರೊಂದರ ಹಳಮೆಯನ್ನು ಅಳೆಯಬೇಕಾದಾಗ ನಾವು ಸಾಮಾನ್ಯವಾಗಿ ಕಲ್ಲಿನ ಕಡೆಗೆ ತಿರುಗುತ್ತೇವೆ. ಗುಡಿಯ ಕಂಬ, ಕೋಟೆಯ ಬುರುಜು, ಕೆರೆಯ ಏರಿಯ ಮೇಲಿನ ಶಾಸನ, ಇವು ನಮ್ಮ ಪಾಲಿಗೆ ಇತಿಹಾಸದ ಸಾಕ್ಷಿಗಳು. ಬೆಂಗಳೂರಿನ ಉತ್ತರ ಭಾಗದಲ್ಲಿ ಇಂಥ ಸಾಕ್ಷಿಗಳಿಗೆ ಕೊರತೆಯಿಲ್ಲ. ೨೦೧೮ರಲ್ಲಿ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. ೭೫೦ಕ್ಕೆ ಸೇರಿದ್ದು ಎಂದು ವಿದ್ವಾಂಸರು ನಿರ್ಣಯಿಸಿದಾಗ, ಈ ನೆಲದ ಜನವಸತಿಯ ಕಥೆ ಹನ್ನೆರಡು ಶತಮಾನಗಳಾಚೆಗೆ ಚಾಚಿತು. ಓದಿದವರಿಗೆಲ್ಲ ಹೆಮ್ಮೆಯೆನಿಸಿತು. ಆದರೆ ಅದೇ ನೆಲದ ಮೇಲೆ, ಅದೇ ಹೆಬ್ಬಾಳದ ಆಚೀಚೆಗೆ, ನೂರು ನೂರಿಪ್ಪತ್ತು ವರ್ಷಗಳಿಂದ ಹಾಯ್ದು ಹೋಗಿರುವ ರೈಲುಹಾದಿಗಳನ್ನೂ ಅವುಗಳ ಪಕ್ಕದ ಪುಟ್ಟ ನಿಲ್ದಾಣಗಳನ್ನೂ ನಾವು ಇತಿಹಾಸವೆಂದು ಎಣಿಸುವುದು ಅಪರೂಪ. ರೈಲ್ವೆ ಸ್ಟೇಷನ್ನು ನಮಗೆ ಹತ್ತಿ ಇಳಿಯುವ ಜಾಗ; ನಿಂತು ನೋಡುವ ಜಾಗವಲ್ಲ.

ಇಂದು ತಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಅಂಥದೊಂದು ಹಾದಿಯ ಕಥೆ. ಯಶವಂತಪುರದಿಂದ ಹೊರಟು ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ಆವತಿಗಳನ್ನು ಹಾದು ನಂದಿಯ ಬುಡಕ್ಕೆ ಬಂದು, ಅಲ್ಲಿಂದ ಚಿಕ್ಕಬಳ್ಳಾಪುರವನ್ನು ಸೇರುವ ಹಾದಿ ಅದು. ಈ ದಾರಿಯ ಹಳೆಯ ನಿಲ್ದಾಣಗಳನ್ನು ಒಂದೊಂದಾಗಿ ನೋಡಿಬರಬೇಕೆಂಬ ಆಸೆ ನನಗೆ ಬಹುದಿನಗಳಿಂದ ಇತ್ತು. ಈಚೆಗೆ ಅದು ಕೈಗೂಡಿತು. ಹೋದಲ್ಲೆಲ್ಲ ನನಗೆ ಕೇಳಿಬಂದ ಮಾತು ಒಂದೇ: "ಇದು ಬ್ರಿಟಿಷರ ಕಾಲದ್ದು, ಅವರೇ ಕಟ್ಟಿದ್ದು." ಮೊದಲ ಅರ್ಧ ನಿಜ. ಎರಡನೆಯ ಅರ್ಧವನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. ಬ್ರಿಟಿಷರ ಕಾಲದ್ದೆಲ್ಲ ಬ್ರಿಟಿಷರು ಕಟ್ಟಿದ್ದಲ್ಲ ಎಂಬುದು ಮೈಸೂರು ಸೀಮೆಯ ರೈಲುಗಳ ಚರಿತ್ರೆಯನ್ನು ಓದಿದವರಿಗೆ ತಾನಾಗಿ ತಿಳಿದುಬರುತ್ತದೆ.

ಬೆಂಗಳೂರಿಗೆ ಮೊಟ್ಟಮೊದಲು ರೈಲು ಬಂದದ್ದು ೧೮೬೪ರ ಆಗಸ್ಟ್ ತಿಂಗಳಲ್ಲಿ. ಮದರಾಸು ರೈಲ್ವೆ ಕಂಪೆನಿ ಜೋಲಾರಪೇಟೆಯಿಂದ ಒಂದು ಕವಲನ್ನು ಎಳೆದು ಬೆಂಗಳೂರು ದಂಡಿಗೆ ತಂದು ಮುಟ್ಟಿಸಿತು. ನಾನು 'ದಂಡು' ಎಂಬ ಮಾತನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ರೈಲು ಬಂದದ್ದು ಸೈನ್ಯದ ನೆಲೆಗೆ, ಪೇಟೆಗಲ್ಲ. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ವರ್ತಕರು ತಮ್ಮ ಸರಕನ್ನು ಗಾಡಿಗೆ ಹೇರಿ ದಂಡಿನ ನಿಲ್ದಾಣಕ್ಕೆ ಸಾಗಿಸಬೇಕಾಗಿತ್ತು. ಇನ್ನು ಆ ಕಂಪೆನಿಯಾದರೋ ಇಂಗ್ಲೆಂಡಿನ ಷೇರುದಾರರದು. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ ಐದರಂತೆ ಲಾಭವನ್ನು ಸರ್ಕಾರವೇ ಖಾತರಿಯಾಗಿ ತುಂಬಿಕೊಡುವ ಕರಾರು ಇದ್ದಿತು. ರೈಲು ನಷ್ಟದಲ್ಲಿ ಓಡಿದರೂ ಷೇರುದಾರನಿಗೆ ನಷ್ಟವಿಲ್ಲ. ಕೊರತೆಯನ್ನು ಭರ್ತಿಮಾಡುವುದು ಈ ದೇಶದ ಬೊಕ್ಕಸ, ಎಂದರೆ ಈ ದೇಶದ ರೈತನ ಕಂದಾಯ.

ಈ ವ್ಯವಸ್ಥೆಯ ನಿಜವಾದ ಬೆಲೆ ತಿಳಿದದ್ದು ಹನ್ನೆರಡು ವರ್ಷಗಳ ಮೇಲೆ. ೧೮೭೬ರಿಂದ ೧೮೭೮ರವರೆಗೆ ದಕ್ಷಿಣ ದೇಶವನ್ನೆಲ್ಲ ಸುಟ್ಟ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದರು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಗಿಲಾಗಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯ ವೇಳೆಗೆ ೪೨ ಲಕ್ಷದ ಆಸುಪಾಸಿಗೆ ಇಳಿಯಿತು. ಹತ್ತು ವರ್ಷಗಳ ಸಹಜವಾದ ಬೆಳವಣಿಗೆಯನ್ನೂ ಲೆಕ್ಕಕ್ಕೆ ಹಿಡಿದರೆ ನಷ್ಟ ಇನ್ನೂ ದೊಡ್ಡದು. ಈ ದುರಂತದಲ್ಲಿ ನನ್ನನ್ನು ಬಹುವಾಗಿ ಕಾಡುವ ಸಂಗತಿಯೊಂದುಂಟು. ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಹಳಿಯಿರಲಿಲ್ಲ. ಗಾಡಿಗೆ ಕಟ್ಟಬೇಕಾದ ಎತ್ತುಗಳು ಮೇವಿಲ್ಲದೆ ಸತ್ತುಹೋಗಿದ್ದವು. ನಿಲ್ದಾಣದಲ್ಲಿ ಮೂಟೆ, ಹಳ್ಳಿಯಲ್ಲಿ ಹಸಿವು. ನಡುವೆ ಐವತ್ತು ಅರವತ್ತು ಮೈಲಿಗಳ ದಾರಿ.

ಈ ಅನುಭವ ಕಲಿಸಿದ ಪಾಠದಿಂದ ಮೈಸೂರು ಸಂಸ್ಥಾನದ ಸ್ವಂತ ರೈಲು ಹುಟ್ಟಿತೆಂದು ಹೇಳಬಹುದು. ಬೆಂಗಳೂರಿನಿಂದ ಮೈಸೂರಿಗೆ ಮೀಟರ್‌ಗೇಜ್ ಹಳಿ ಹಾಕುವ ಕೆಲಸ ಆ ಕಾಲದಲ್ಲೇ ಆರಂಭವಾಯಿತು. ಮಣ್ಣಿನ ಕೆಲಸದಲ್ಲಿ ದುಡಿದವರಲ್ಲಿ ಬರದಿಂದ ನೊಂದು ಕೂಲಿಗೆ ಬಂದ ಜನ ಸೇರಿದ್ದರು. ೧೮೮೧ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು, ರಂಗಾಚಾರ್ಲು ದಿವಾನರಾದರು, ಮರುವರ್ಷ ರೈಲು ಮೈಸೂರನ್ನು ಮುಟ್ಟಿತು. ೧೮೮೪ರಲ್ಲಿ ಇನ್ನೊಂದು ಹಳಿ ಯಶವಂತಪುರವನ್ನು ಹಾದು ತುಮಕೂರು ಗುಬ್ಬಿಗಳ ದಿಕ್ಕಿಗೆ ಹೊರಟಿತು. ರಂಗಭೂಮಿಯ ಇತಿಹಾಸ ಬಲ್ಲವರಿಗೆ ಗುಬ್ಬಿಯ ನಾಟಕ ಸಂಘ ಹುಟ್ಟಿದ್ದೂ ಅದೇ ೧೮೮೪ರಲ್ಲಿ ಎಂಬುದು ನೆನಪಾದೀತು. ಮುಂದೆ ಕಂಪೆನಿ ನಾಟಕಗಳು ಪರದೆ, ಪೆಟ್ಟಿಗೆ, ಪರಿವಾರಗಳೊಡನೆ ಊರಿಂದೂರಿಗೆ ಸಂಚರಿಸಿದ ಆ ದೊಡ್ಡ ಯುಗವನ್ನು ರೈಲಿಲ್ಲದೆ ಊಹಿಸಿಕೊಳ್ಳುವುದು ಕಷ್ಟ.

ಆದರೆ ಸಂಸ್ಥಾನದ ಕೈಯಲ್ಲಿ ಹಣವಿರಲಿಲ್ಲ. ೧೮೮೬ರಲ್ಲಿ ಈ ಹಾದಿಗಳನ್ನು ನಡೆಸುವ ಅಧಿಕಾರವನ್ನು ಸದರನ್ ಮರಾಠಾ ರೈಲ್ವೆ ಕಂಪೆನಿಗೆ ಒಪ್ಪಿಸಿ, ಆ ಕಂಪೆನಿಯ ಮೂಲಕ ಲಂಡನ್ನಿನಲ್ಲಿ ಎತ್ತಿದ ಸಾಲದಿಂದ ಮುಂದಿನ ಹಳಿಗಳನ್ನು ಹಾಕಬೇಕಾಯಿತು. ಯಶವಂತಪುರದಲ್ಲಿ ಕವಲೊಡೆದು, ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮೇಲೆ ಹಿಂದೂಪುರ ಗುಂತಕಲ್ಲುಗಳಿಗೆ ಹೋಗುವ ಹಾದಿ ೧೮೯೨-೯೩ರ ಸುಮಾರಿಗೆ ತೆರೆಯಿತು. ಯಲಹಂಕದ ಮಣ್ಣಿಗೆ ರೈಲಿನ ಸದ್ದು ಬಿದ್ದದ್ದು ಹೀಗೆ. ಕೆಂಪೇಗೌಡರ ವಂಶದ ಮೂಲನೆಲೆಯಾದ ಈ ಊರು ಬಳ್ಳಾರಿ ಬೊಂಬಾಯಿಗಳ ಹೆದ್ದಾರಿಯಲ್ಲಿ ಒಂದು ನಿಲುಗಡೆಯಾಯಿತು.

ಇಷ್ಟಾದರೂ ಯಲಹಂಕದಿಂದ ಮೂಡಣ ದಿಕ್ಕಿಗೆ ಕೋಲಾರ ಸೀಮೆಯ ಜನ ಕಾಯುತ್ತಲೇ ಇದ್ದರು. ಇಲ್ಲಿ ಎರಡು ಇಸವಿಗಳನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಚಿನ್ನದ ಗಣಿಗಳಿಗೆ ರೈಲು ಹೋದದ್ದು ೧೮೯೪ರಲ್ಲಿ. ಅದೇ ಬೌರಿಂಗ್‌ಪೇಟೆಯಿಂದ ಜಿಲ್ಲೆಯ ಕೇಂದ್ರವಾದ ಕೋಲಾರಕ್ಕೆ ರೈಲು ಹೋದದ್ದು ೧೯೧೩ರಲ್ಲಿ. ಎರಡೂ ಹತ್ತು ಹನ್ನೊಂದು ಮೈಲಿಗಳ ಮಾತು. ಚಿನ್ನಕ್ಕೆ ಬ್ರಾಡ್‌ಗೇಜ್ ಬಂತು. ಹತ್ತೊಂಬತ್ತು ವರ್ಷಗಳ ಮೇಲೆ ಜನಕ್ಕೆ ನ್ಯಾರೋಗೇಜ್ ಬಂತು. ಈ ಎರಡು ಇಸವಿಗಳ ನಡುವಿನ ಅಂತರದಲ್ಲಿ ಪರಕೀಯ ಆಳ್ವಿಕೆಯ ಆದ್ಯತೆಗಳೇನೆಂಬುದು ಯಾವ ಭಾಷಣದ ಹಂಗೂ ಇಲ್ಲದೆ ಕಾಣುತ್ತದೆ.

ಕೋಲಾರದ ಆ ಸಣ್ಣ ಹಳಿಯನ್ನು ಹಾಕಿಸಿದ್ದು ಜಿಲ್ಲಾ ಬೋರ್ಡು. ಅದಕ್ಕೆ ಎರಡು ವರ್ಷ ತರುವಾಯ, ೧೯೧೫ರಲ್ಲಿ, ಪಶ್ಚಿಮದ ಕಡೆಯಿಂದ ಇನ್ನೊಂದು ಸಣ್ಣ ಹಳಿ ಹೊರಟಿತು. ಯಶವಂತಪುರದಿಂದ ಯಲಹಂಕ ದೇವನಹಳ್ಳಿಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋದ ಈ ಹಾದಿಯನ್ನು ಹಾಕಿದ್ದು ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪೆನಿ. ಹೆಸರೇ ಹೇಳುವಂತೆ ಇದರ ದೃಷ್ಟಿ ಎರಡು ಊರುಗಳಾಚೆಗೆ ಹೋಗಲಿಲ್ಲ. ಮದರಾಸು ಬೊಂಬಾಯಿಗಳನ್ನು ಜೋಡಿಸುವ ಮಹದಾಶೆ ಇದಕ್ಕಿರಲಿಲ್ಲ; ಸೇನೆಯನ್ನು ಸಾಗಿಸುವ ಹೊಣೆಯೂ ಇರಲಿಲ್ಲ. ಆಗ ಮೈಸೂರಿನ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ ಮುದ್ದೇನಹಳ್ಳಿ ಇದೇ ಹಾದಿಯ ಮಗ್ಗುಲಿಗೆ, ನಂದಿಯ ನೆರಳಿನಲ್ಲಿದೆ. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಪೂರ್ವದ ಹಳಿಯೂ ಪಶ್ಚಿಮದ ಹಳಿಯೂ ಶಿಡ್ಲಘಟ್ಟ ಚಿಂತಾಮಣಿಗಳ ಸೀಮೆಯಲ್ಲಿ ಒಂದನ್ನೊಂದು ಕೂಡಿಕೊಂಡವು. ಬೆಂಗಳೂರಿನಿಂದ ಬೌರಿಂಗ್‌ಪೇಟೆಯವರೆಗೆ, ಕೆರೆಗಳ ಸಾಲನ್ನೂ ಬೆಟ್ಟಗಳ ಸಾಲನ್ನೂ ಬಳಸಿಕೊಂಡು, ಸಣ್ಣ ರೈಲಿನ ಒಂದು ಬಿಲ್ಲು ನಿರ್ಮಾಣವಾಯಿತು.

ಈ 'ಸಣ್ಣ' ಎಂಬ ಮಾತಿಗೆ ಲೆಕ್ಕವುಂಟು. ಬ್ರಾಡ್‌ಗೇಜಿನಲ್ಲಿ ಎರಡು ಕಂಬಿಗಳ ನಡುವಣ ಅಂತರ ೧೬೭೬ ಮಿಲಿಮೀಟರು. ಮೀಟರ್‌ಗೇಜಿನಲ್ಲಿ, ಹೆಸರಿಗೆ ತಕ್ಕಂತೆ, ಸಾವಿರ ಮಿಲಿಮೀಟರು. ಈ ಹಾದಿಯಲ್ಲಿ ಕೇವಲ ಎರಡೂವರೆ ಅಡಿ, ಎಂದರೆ ೭೬೨ ಮಿಲಿಮೀಟರು. ಅಂತರ ಕಡಮೆಯಾದಷ್ಟೂ ನೆಲ ಕಡಮೆ ಸಾಕು, ಕಂಬಿ ಹಗುರವಾದರೂ ಆದೀತು, ಸೇತುವೆ ಕಿರಿದಾದರೂ ನಡೆದೀತು, ಗುಡ್ಡ ಅಡ್ಡ ಬಂದರೆ ಅದನ್ನು ಕಡಿಯುವ ಬದಲು ಸುತ್ತಿ ಹೋಗಬಹುದು. ಬಡವರು ರೈಲು ಕಟ್ಟಬೇಕಾದರೆ ಇದೇ ದಾರಿ. ಆದರೆ ಈ ಮಿತವ್ಯಯಕ್ಕೆ ಒಂದು ದಂಡವೂ ಇತ್ತು. ಸಣ್ಣ ಹಳಿಯ ಡಬ್ಬಿ ದೊಡ್ಡ ಹಳಿಯ ಮೇಲೆ ಓಡಲಾರದು. ದೂರದ ಊರಿಗೆ ಹೋಗಬೇಕಾದ ಸರಕನ್ನು ಒಂದು ಗಾಡಿಯಿಂದ ಇಳಿಸಿ, ಕೂಲಿಯವರ ಬೆನ್ನ ಮೇಲೆ ಇನ್ನೊಂದಕ್ಕೆ ಏರಿಸಬೇಕು. ಹೀಗೆ ಉಳಿಸಿದ ಹಣದ ಒಂದು ಪಾಲು ಪ್ರತಿ ದಿನವೂ ಕೂಲಿಯ ರೂಪದಲ್ಲಿ ಸೋರುತ್ತಿತ್ತು. ಮುಂದೆ ಈ ಹಳಿಗೆ ಮುಪ್ಪು ತಂದ ಕಾರಣಗಳಲ್ಲಿ ಇದೊಂದು.

ಇನ್ನು ನಾನು ಕಂಡ ನಿಲ್ದಾಣಗಳ ಮಾತು. ಯಶವಂತಪುರದಲ್ಲಿ ಹಳೆಯದರ ಕುರುಹನ್ನು ಹುಡುಕುವವನಿಗೆ ಹೆಚ್ಚೇನೂ ಸಿಗಲಾರದು. ಉತ್ತರ ಭಾರತದ ಉದ್ದ ಉದ್ದ ಗಾಡಿಗಳು ಬಂದು ನಿಲ್ಲುವ ಮಹಾನಿಲ್ದಾಣ ಅದು. ಅಲ್ಲಿ ನಿಂತು, ಇದೇ ಅಂಗಳದಲ್ಲಿ ಒಂದು ಕಾಲಕ್ಕೆ ಆಟಿಕೆಯಂಥ ಎಂಜಿನ್ನೊಂದು ಹೊಗೆ ಬಿಡುತ್ತ ದೇವನಹಳ್ಳಿಗೆ ಹೊರಡಲು ಕಾದಿತ್ತೆಂದು ನೆನೆಯುವುದಕ್ಕೆ ಕಲ್ಪನೆಯ ನೆರವು ಬೇಕು. ಯಲಹಂಕವೂ ಬದಲಾಗಿದೆ. ೧೯೮೪ರಲ್ಲಿ ಅಲ್ಲಿ ಕೆಲಸ ಆರಂಭಿಸಿದ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ದೇಶದ ರೈಲುಗಳಿಗೆಲ್ಲ ಗಾಲಿಗಳನ್ನು ಎರಕ ಹೊಯ್ದು ಕಳುಹಿಸುತ್ತಿದೆ. ೧೯೧೫ರಲ್ಲಿ ಉಗಿ ಎಂಜಿನ್ನು ಕಟ್ಟುವ ವಿದ್ಯೆ ನಮ್ಮ ಸಂಸ್ಥಾನದ ಕೈಗೆ ಎಟುಕಿರಲಿಲ್ಲ. ಎಪ್ಪತ್ತು ವರ್ಷಗಳೊಳಗೆ ಅದೇ ಹಾದಿಯ ಊರೊಂದು ದೇಶದ ರೈಲಿಗೆ ಕಾಲು ಕೊಡುವಂತಾಯಿತು. ಇದನ್ನು ನೆನೆದಾಗ ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆ.

ಯಲಹಂಕವನ್ನು ದಾಟಿ ಬೆಟ್ಟಹಲಸೂರಿನಾಚೆಗೆ ಬಂದರೆ ದಾರಿಯ ಚಹರೆಯೇ ಬೇರೆ. ಕಲ್ಲುಬಂಡೆಗಳ ನಾಡು ಅದು. ಬೆಂಗಳೂರಿನ ಎಷ್ಟೋ ಕಟ್ಟಡಗಳ ಪಾಯಕ್ಕೆ ಕಲ್ಲು ಕೊಟ್ಟ ಸೀಮೆ. ದೊಡ್ಡಜಾಲದಲ್ಲಿ ಹಳೆಯ ನಿಲ್ದಾಣದ ಕಟ್ಟಡ ಇದೆ. ಅದನ್ನು ನೋಡಿ ಬೆರಗಾಗುವಂಥದು ಏನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್ಸಿನ ಗುಮ್ಮಟ, ಗೋಪುರ, ಶಿಲ್ಪಗಳನ್ನು ಕಂಡುಬಂದವರು ಇಲ್ಲಿ ನಿರಾಶರಾಗುವರು. ಚೀಟಿ ಕೊಡುವ ಒಂದು ಕಿಂಡಿ, ಸ್ಟೇಷನ್ ಮಾಸ್ತರರಿಗೊಂದು ಕೋಣೆ, ಜನ ಕೂರುವುದಕ್ಕೊಂದು ತೆರೆದ ಹಜಾರ. ದಪ್ಪ ಗೋಡೆ, ಗಾರೆಯ ಕೆಲಸ. ಒಂದು ಸಾಮಾನ್ಯ ಹಳ್ಳಿಯ ಅನುಕೂಲಸ್ಥನ ಮನೆಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಆದರೆ ನನಗೆ ಮೆಚ್ಚುಗೆಯಾದದ್ದು ಅದೇ ಗುಣ. ವಿಕ್ಟೋರಿಯಾ ಟರ್ಮಿನಸ್ಸು ನೋಡುವವನನ್ನು ಚಿಕ್ಕವನನ್ನಾಗಿ ಮಾಡುವ ಉದ್ದೇಶದಿಂದ ಕಟ್ಟಿದ್ದು. ದೊಡ್ಡಜಾಲದ ನಿಲ್ದಾಣ ಬಿಸಿಲಲ್ಲಿ ನಡೆದು ಬಂದವನಿಗೆ ನೆರಳು ಕೊಡುವ ಉದ್ದೇಶದಿಂದ ಕಟ್ಟಿದ್ದು. ಗೋಡೆಯ ದಪ್ಪದಲ್ಲೂ ಮಾಡಿನ ಎತ್ತರದಲ್ಲೂ ಗಾಳಿಕಿಂಡಿಯ ಜಾಗದಲ್ಲೂ ಈ ನೆಲದ ಬಿಸಿಲು ಗಾಳಿಗಳನ್ನು ಬಲ್ಲ ಕೆಲಸಗಾರನ ಕೈ ಕಾಣುತ್ತದೆ.

ದೊಡ್ಡಜಾಲಕ್ಕೂ ದೇವನಹಳ್ಳಿಗೂ ನಡುವೆ ಒಂದು ಹೊಸ ನಿಲುಗಡೆ ಇದೆ. ೨೦೦೮ರಲ್ಲಿ ತೆರೆದ ವಿಮಾನನಿಲ್ದಾಣದ ಪ್ರಯಾಣಿಕರಿಗೂ ಅಲ್ಲಿಯ ಕೆಲಸಗಾರರಿಗೂ ಅನುಕೂಲವಾಗಲೆಂದು ೨೦೨೧ರ ಜನವರಿಯಲ್ಲಿ ಅದನ್ನು ಆರಂಭಿಸಿದರು. ಮೇಲೆ ವಿಮಾನ ಏರುತ್ತಿದೆ, ಕೆಳಗೆ ನೂರು ವರ್ಷದ ಹಾದಿಯಲ್ಲಿ ಪ್ಯಾಸೆಂಜರ್ ಗಾಡಿ ಹೋಗುತ್ತಿದೆ. ಈ ನೋಟವನ್ನು ಕಂಡು ವಿಷಾದಪಡುವವರೂ ಇದ್ದಾರೆ. ನನಗೆ ಹಾಗೆನಿಸಲಿಲ್ಲ. ಹಳೆಯ ಹಾದಿಗೆ ಹೊಸ ಕೆಲಸ ಸಿಕ್ಕಿತಲ್ಲ ಎಂದುಕೊಂಡೆ.

ದೇವನಹಳ್ಳಿ ಎಂದೊಡನೆ ನಮಗೆ ಕೋಟೆ ನೆನಪಾಗುತ್ತದೆ, ಟಿಪ್ಪುವಿನ ಜನ್ಮಸ್ಥಳ ನೆನಪಾಗುತ್ತದೆ, ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಆ ಕೋಟೆಯನ್ನು ವಶಪಡಿಸಿಕೊಂಡದ್ದು ನೆನಪಾಗುತ್ತದೆ. ಬಾಯಿರುಚಿ ಬಲ್ಲವರಿಗೆ ಚಕ್ಕೋತವೂ ನೆನಪಾದೀತು. ಅಲ್ಲಿಂದ ಮುಂದೆ ಆವತಿ. ಈ ಊರಿನ ಹೆಸರನ್ನು ಇಂದು ಅನೇಕರು ಕೇಳಿರಲಾರರು. ಆದರೆ ಈ ಸೀಮೆಯ ಪಾಳೆಯಗಾರರ ಚರಿತ್ರೆಯ ಬೇರು ಇರುವುದು ಅಲ್ಲಿ. ಕಂಚಿಯ ಸೀಮೆಯಿಂದ ಏಳು ಮಂದಿ ಒಕ್ಕಲಿಗ ಸೋದರರು ಗಾಡಿ ಕಟ್ಟಿಕೊಂಡು ವಲಸೆ ಬಂದು, ನಂದಿಯ ಬಳಿಯ ಬೆಟ್ಟದ ಬುಡದಲ್ಲಿ ಬೀಡುಬಿಟ್ಟರೆಂದೂ ಹಿರಿಯನಾದ ರಣಭೈರೇಗೌಡ ಆವತಿಯಲ್ಲಿ ನೆಲೆನಿಂತನೆಂದೂ ಐತಿಹ್ಯ. ಆ ಮನೆತನದ ಕವಲುಗಳೇ ದೇವನಹಳ್ಳಿಯನ್ನೂ ಚಿಕ್ಕಬಳ್ಳಾಪುರವನ್ನೂ ಆಳಿದವು. ಯಲಹಂಕದ ನಾಡಪ್ರಭುಗಳ ಮೂಲವನ್ನೂ ಅಲ್ಲಿಗೇ ಒಯ್ಯುತ್ತಾರೆ. ಆ ಯಲಹಂಕದ ಮನೆತನದ ಕೆಂಪೇಗೌಡ ೧೫೩೭ರಲ್ಲಿ ಬೆಂಗಳೂರು ಕಟ್ಟಿದ.

ಈಗ ನಿಲ್ದಾಣಗಳ ಹೆಸರನ್ನು ಇನ್ನೊಮ್ಮೆ ಕೇಳಿ: ಯಲಹಂಕ, ದೇವನಹಳ್ಳಿ, ಆವತಿಹಳ್ಳಿ, ಚಿಕ್ಕಬಳ್ಳಾಪುರ. ನಾಡಪ್ರಭುಗಳ ಬೀಡುಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದಂತಿದೆ. ಹಳಿ ಹಾಕಿದವರು ಪಾಳೆಯಗಾರರ ವಂಶಾವಳಿಯನ್ನು ಓದಿಕೊಂಡು ಹಾಕಿದರೆಂದು ನಾನು ಹೇಳುತ್ತಿಲ್ಲ. ನೀರಿದ್ದಲ್ಲಿ ಊರು ಹುಟ್ಟಿತು, ಊರಿದ್ದಲ್ಲಿ ಕೋಟೆ ಹುಟ್ಟಿತು, ಕೋಟೆಯ ಬಾಗಿಲಲ್ಲಿ ಸಂತೆ ಕೂಡಿತು, ಸಂತೆಗೆ ದಾರಿ ಬಿತ್ತು. ರೈಲು ಆ ದಾರಿಯನ್ನು ಹಿಡಿದು ನಡೆಯಿತು. ದೂರದ ಬಂದರಿಗೆ ಸರಕು ಸಾಗಿಸುವ ರೈಲು ನೇರವಾದ ಗೆರೆಯನ್ನು ಹುಡುಕುತ್ತದೆ. ಈ ಸಣ್ಣ ರೈಲು ಸಂತೆಯಿಂದ ಸಂತೆಗೆ ಬಳುಕಿತು. ಈ ನಾಡಿನ ಹಳೆಯ ನಕ್ಷೆಯನ್ನು ಅದು ಅಳಿಸಲಿಲ್ಲ; ಅದರ ಮೇಲೆಯೇ ಕಬ್ಬಿಣದ ಗೆರೆ ಎಳೆಯಿತು.

ಆವತಿಯ ಕಡೆ ನನಗೆ ವೃದ್ಧರೊಬ್ಬರು ಸಿಕ್ಕಿದರು. ನಿಲ್ದಾಣದ ಬಳಿ ಮರದ ನೆರಳಿನಲ್ಲಿ ಕೂತು ಮೇಕೆ ಕಾಯುತ್ತಿದ್ದರು. ಹಳೆಯ ರೈಲಿನ ವಿಚಾರ ಕೇಳಿದೆ.

"ಅಯ್ಯೋ, ಅದು ನಮ್ಮ ಗಾಡಿ ಸ್ವಾಮಿ" ಎಂದರು. "ದೂರದಿಂದ ನಮ್ಮನ್ನ ಕಂಡ್ರೆ ಡ್ರೈವರಪ್ಪ ಒಂದೀಟು ನಿಧಾನ ಮಾಡೋನು. ಮಾವಿನಕಾಯಿ, ಕೋಳಿ, ಕಡ್ಲೆಕಾಯಿ ಮೂಟೆ, ಎಲ್ಲಾ ಅದರಾಗೇ."

"ಈಗ ಈ ಕಟ್ಟಡಗಳನ್ನೆಲ್ಲ ರಿಪೇರಿ ಮಾಡಿ ಉಳಿಸಬೇಕು ಅಂತ ಓಡಾಡುತ್ತಿದ್ದಾರಂತೆ, ಗೊತ್ತೇ ಯಜಮಾನರೆ?" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಗೋಡೆಗೆ ಸುಣ್ಣ ಬಳದ್ರೆ ಚೆಂದಾನೇ ಸ್ವಾಮಿ. ಗಾಡಿ ನಿಂತ್ರೆ ಇನ್ನೂ ಚೆಂದ."

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ನಂದಿ ಹಾಲ್ಟಿಗೆ ಹೋದೆ. ಸುಮಾರು ಸಾವಿರದ ಇನ್ನೂರು ವರ್ಷಗಳಷ್ಟು ಹಿಂದಿನ ಭೋಗನಂದೀಶ್ವರನ ಗುಡಿ ಬೆಟ್ಟದ ಬುಡದ ಊರಿನಲ್ಲಿದೆ. ಬೆಟ್ಟದ ಮೇಲೆ ೧೭೯೧ರಲ್ಲಿ ಬಿದ್ದ ಕೋಟೆಯಿದೆ. ಕಮಿಷನರ್ ಕಬ್ಬನ್ನರು ಬೇಸಿಗೆಯ ಬಿಡಾರಕ್ಕೆಂದು ಕಟ್ಟಿಸಿದ ಬಂಗಲೆಯಿದೆ. ಗಾಂಧೀಜಿ ೧೯೨೭ರಲ್ಲೂ ೧೯೩೬ರಲ್ಲೂ ಆರೋಗ್ಯಕ್ಕಾಗಿ ತಂಗಿದ್ದ ನೆನಪಿದೆ. ಇಷ್ಟು ದೊಡ್ಡ ನೆನಪುಗಳ ಪಕ್ಕದಲ್ಲಿ ಆ ನಿಲ್ದಾಣ ಸಂಕೋಚದಿಂದ ನಿಂತಿರುವಂತೆ ತೋರುತ್ತದೆ. ಹೆಸರಿನಲ್ಲೇ ವಿನಯವುಂಟು: ಸ್ಟೇಷನ್ ಅಲ್ಲ, ಹಾಲ್ಟ್, ತುಸು ನಿಂತು ಹೋಗುವ ಜಾಗ. ಅದರ ಮುಂದೆ ನಿಂತು ತಲೆಯೆತ್ತಿದರೆ ನಂದಿಯ ಬೆಟ್ಟ ಕಣ್ಣು ತುಂಬುತ್ತದೆ. ಈ ನೋಟಕ್ಕಿಂತ ಮಿಗಿಲಾದ ಅಲಂಕಾರವನ್ನು ಕಟ್ಟಿದವರು ತಮ್ಮ ಕಟ್ಟಡಕ್ಕೆ ಕೊಡಲು ಹೋಗಲಿಲ್ಲ. ಅದು ಒಳ್ಳೆಯದೇ ಆಯಿತು.

ಸಣ್ಣ ಹಳಿಯ ಕೊನೆಯ ದಿನಗಳ ಕಥೆ ದೀರ್ಘವಾದದ್ದು, ಸಂಗ್ರಹವಾಗಿ ಹೇಳುತ್ತೇನೆ. ೧೯೪೮ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಬಂತು; ಬಸ್ಸುಗಳು ಹಳ್ಳಿಯ ಬಾಗಿಲಿಗೇ ಬರತೊಡಗಿದವು. ೧೯೫೧ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ದೊಡ್ಡ ಸಂಸಾರದಲ್ಲಿ ಚಿಕ್ಕ ಮಗುವಿನ ಊಟ ವಿಚಾರಿಸುವವರು ಕಡಮೆ. ಬಳಕುವ ಹಳಿ, ನಿಧಾನದ ಗಾಡಿ, ಬದಲಿಸಿ ಹೇರಬೇಕಾದ ಸರಕು. ಪ್ರಯಾಣಿಕ ರಸ್ತೆಗೆ ಹೊರಳಿದ. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗಿನ ಹಾದಿ ಬ್ರಾಡ್‌ಗೇಜಾಯಿತು. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗವೂ ದೊಡ್ಡ ಹಳಿಯಾಗಿ ೨೦೧೩ರಲ್ಲಿ ತೆರೆದುಕೊಂಡಿತು. ಆ ಮೇಲೆ ಎರಡೂವರೆ ಅಡಿಯ ಹಳಿ ಈ ಸೀಮೆಯಲ್ಲಿ ಉಳಿಯಲಿಲ್ಲ. ಉಳಿದದ್ದು ಅದರ ಪಕ್ಕದ ಮನೆಗಳು, ಎಂದರೆ ನಿಲ್ದಾಣಗಳು.

ಆ ಮನೆಗಳೂ ಬಹುಕಾಲ ಬಾಗಿಲು ಮುಚ್ಚಿಕೊಂಡು, ಗಿಡಗಂಟಿಗಳ ನಡುವೆ ಹಾಳುಬೀಳುತ್ತಿದ್ದವು. ಈಚಿನ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರು ನೈಋತ್ಯ ರೈಲ್ವೆಯೊಡನೆ ಕೂಡಿ, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳನ್ನು ಜೀರ್ಣೋದ್ಧಾರ ಮಾಡುವ ಕೆಲಸವನ್ನು ಕೈಗೆತ್ತಿಕೊಂಡದ್ದು ಸಮಾಧಾನದ ಸಂಗತಿ. ಹಳೆಯ ಗಾರೆಯ ಗೋಡೆಗೆ ಸಿಮೆಂಟು ಮೆತ್ತುವುದು ಸುಲಭ. ಆದರೆ ಸಿಮೆಂಟು ಒಳಗಿನ ತೇವವನ್ನು ಹೊರಗೆ ಬಿಡದೆ ಗೋಡೆಯನ್ನು ಒಳಗಿಂದಲೇ ಕೊಳೆಸುತ್ತದೆ. ಸುಣ್ಣದ ಗೋಡೆಗೆ ಸುಣ್ಣದ್ದೇ ಮದ್ದು. ಈ ವಿವೇಕವುಳ್ಳವರ ಕೈಗೆ ಕೆಲಸ ಸಿಕ್ಕಿದ್ದು ಆ ಕಟ್ಟಡಗಳ ಪುಣ್ಯ.

ಆದರೂ ಮೇಕೆ ಕಾಯುತ್ತಿದ್ದ ಹಿರಿಯರ ಮಾತು ನನ್ನನ್ನು ಬಿಡದು. ಕೋಟೆಯನ್ನು ಉಳಿಸಬೇಕಾದರೆ ಯುದ್ಧ ಬೇಕಾಗಿಲ್ಲ. ಕಲ್ಲು ಉಳಿದರೆ ಕೋಟೆ ಉಳಿಯಿತು. ಗುಡಿಯ ವಿಷಯ ಬೇರೆ. ಪೂಜೆ ನಿಂತ ಗುಡಿ ಶಿಲ್ಪದ ದೃಷ್ಟಿಯಿಂದ ಎಷ್ಟೇ ಚೆಲುವಾಗಿದ್ದರೂ ಊರವರ ಪಾಲಿಗೆ ಅದು ಬರಿಯ ಕಟ್ಟಡ. ರೈಲು ನಿಲ್ದಾಣವನ್ನು ಯಾವ ಪಂಕ್ತಿಗೆ ಸೇರಿಸಬೇಕು? ನನ್ನ ಎಣಿಕೆಯಲ್ಲಿ ಅದು ಗುಡಿಯ ಪಂಕ್ತಿಗೆ ಸೇರಬೇಕು. ಗಾಡಿ ನಿಲ್ಲದ ನಿಲ್ದಾಣವನ್ನು ಚಿತ್ರಶಾಲೆಯಾಗಿ ಮಾಡಬಹುದು, ಉಪಾಹಾರಗೃಹವಾಗಿ ಮಾಡಬಹುದು. ಅವೆಲ್ಲವೂ ಬೀಳುವುದಕ್ಕಿಂತ ಮೇಲು. ಆದರೆ ಕಡಲೆಕಾಯಿ ಮೂಟೆಯೊಡನೆ ಬಂದ ಹೆಂಗಸು ಚೀಟಿ ಕೊಂಡು ಆ ಹಜಾರದ ನೆರಳಿನಲ್ಲಿ ಕೂರುವಂತಾದರೆ, ೧೯೧೫ರಲ್ಲಿ ಕಟ್ಟಿದವರ ಉದ್ದೇಶ ಪೂರ್ಣವಾಗಿ ಉಳಿದಂತೆ.

ಇದು ಕೇವಲ ಕನಸಲ್ಲ. ೨೦೨೦ರಲ್ಲಿ ಮಂಜೂರಾದ ಬೆಂಗಳೂರು ಉಪನಗರ ರೈಲು ಯೋಜನೆಯ ನಾಲ್ಕು ದಾರಿಗಳಿಗೆ ಹೂಗಳ ಹೆಸರಿಟ್ಟಿದ್ದಾರೆ. ಹೆಬ್ಬಾಳ ಯಶವಂತಪುರಗಳನ್ನು ಮುಟ್ಟುವುದು ಮಲ್ಲಿಗೆ. ನಗರದ ಮುಖ್ಯ ನಿಲ್ದಾಣದಿಂದ ಯಲಹಂಕದ ಮೇಲೆ ದೇವನಹಳ್ಳಿಗೆ ಹೋಗಬೇಕಾಗಿರುವ ೪೧ ಕಿಲೋಮೀಟರುಗಳ ದಾರಿ ಸಂಪಿಗೆ. ೨೦೨೨ರ ಜೂನ್ ತಿಂಗಳಲ್ಲಿ ಯೋಜನೆಗೆ ಅಡಿಗಲ್ಲಿಟ್ಟರು. ಒಂದು ನೂರ ಇಪ್ಪತ್ತು ವರ್ಷಗಳ ಹಿಂದೆ ಈ ಸೀಮೆಯ ಜನ ಕೇಳಿದ್ದನ್ನೇ ಇಂದಿನ ಜನವೂ ಕೇಳುತ್ತಿದ್ದಾರೆ: ಮನೆಯಿಂದ ಕೆಲಸಕ್ಕೂ ಹೊಲದಿಂದ ಮಾರುಕಟ್ಟೆಗೂ ಹೊತ್ತಿಗೆ ಸರಿಯಾಗಿ ಹೋಗಿಬರುವ ಒಂದು ಗಾಡಿ. ಹೊಸ ಹಳಿ ಬರುವಾಗ ಹಳೆಯ ಕಟ್ಟಡ ಅಡ್ಡವೆಂದು ತೋರುವುದೂ ಸಹಜ. ಅಂಥ ಗಳಿಗೆಯಲ್ಲಿ ಒಂದು ಮಾತನ್ನು ಯೋಜನೆ ಮಾಡುವವರು ನೆನಪಿಡಬೇಕೆಂದು ನನ್ನ ಕೋರಿಕೆ. ಈ ನಿಲ್ದಾಣಗಳು ಪರಕೀಯರ ದರ್ಪದ ಗುರುತುಗಳಲ್ಲ, ಕೆಡವಿ ಹಗುರಾಗೋಣ ಎನ್ನುವುದಕ್ಕೆ. ಅವರ ವೈಭವದ ಗುರುತುಗಳೂ ಅಲ್ಲ, ಕೈಕಟ್ಟಿ ನೋಡೋಣ ಎನ್ನುವುದಕ್ಕೆ. ಬರದಲ್ಲಿ ಬೆಂದ ಒಂದು ಸೀಮೆ, ಚಿನ್ನಕ್ಕೆ ಸಿಕ್ಕ ಮರ್ಯಾದೆ ತನಗೆ ಸಿಗದಿದ್ದಾಗ, ಕೈಲಾದಷ್ಟು ಅಗಲದ ಹಳಿಯನ್ನು ಹಾಕಿಕೊಂಡು ಲೋಕವನ್ನು ಸೇರಲು ಹೊರಟಿತ್ತು ಎಂಬುದಕ್ಕೆ ಅವು ಸಾಕ್ಷಿ.

ತಾವು ಬಿಡುವಾದ ದಿನ ನಂದಿಗೆ ಹೋಗುವವರಾದರೆ ಒಮ್ಮೆ ಮೋಟಾರನ್ನು ಮನೆಯಲ್ಲೇ ಬಿಟ್ಟು ರೈಲಿನಲ್ಲಿ ಹೋಗಿನೋಡಿ. ಕಿಟಕಿಯ ಪಕ್ಕದ ಜಾಗ ಸಿಕ್ಕರೆ ಒಳ್ಳೆಯದು. ಚೀಟಿಯ ಬೆಲೆ ಕಡಮೆ. ನಿಲ್ದಾಣದಲ್ಲಿ ಒಬ್ಬರಾದರೂ ಹತ್ತಿದರು, ಒಬ್ಬರಾದರೂ ಇಳಿದರು ಎಂದು ರೈಲ್ವೆಯ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಗಾಡಿ ನಿಲ್ಲಬೇಕೋ ಬೇಡವೋ ಎಂಬುದು ಕೊನೆಗೆ ಆ ಲೆಕ್ಕದಿಂದಲೇ ತೀರ್ಮಾನವಾಗತಕ್ಕದ್ದು.